ಪಕ್ಕದ ಕುರ್ಚಿಯ ಕೆಮ್ಮು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯವು: ಮನೆಯವರಿಗೆ ಚಿಕಿತ್ಸೆ ಕೊಡಿಸಲು ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಅಲ್ಲಿಂದ ಬೇರೆ ಕಾಯಿಲೆ ಹೊತ್ತು ತರಬಾರದು. ನಾನು ಕ್ಯಾನ್ಸರ್ ವಾರ್ಡಿನಲ್ಲೂ ಆಮೇಲೆ ಸೋಂಕು ನಿಯಂತ್ರಣ ವಿಭಾಗದಲ್ಲೂ ಸಿಸ್ಟರ್ ಆಗಿದ್ದವಳು. ನಾನು ಹೇಳುವುದು ವಾರ್ಡಿನ ಕಡೆಯಿಂದ ಕಂಡ ಮಾತು. ಔಷಧದ ವಿಷಯ ಬಂದಾಗ ನಿಮ್ಮ ಡಾಕ್ಟರರ ಮಾತೇ ಕೊನೆ.

ಪ್ರಶ್ನೆ: ಸಿಸ್ಟರ್, ನಮ್ಮಪ್ಪನಿಗೆ ಎಪ್ಪತ್ತು ದಾಟಿದೆ. ಲಿಂಫೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಕೀಮೋ, ಜೊತೆಗೆ ರಿಟುಕ್ಸಿಮ್ಯಾಬ್. ಡೇ ಕೇರ್ ವಾರ್ಡಿನಲ್ಲಿ ಸಾಲಾಗಿ ಕುರ್ಚಿಗಳು. ಕಳೆದ ಸಲ ಪಕ್ಕದ ಕುರ್ಚಿಯವರ ಜೊತೆ ಬಂದವರು ಡ್ರಿಪ್ ಮುಗಿಯುವವರೆಗೂ ಕೆಮ್ಮುತ್ತಲೇ ಇದ್ದರು. ಮಾಸ್ಕ್ ಇಲ್ಲ. ಕೇಳಿದ್ದಕ್ಕೆ 'ಕೋವಿಡ್ ಮುಗೀತಲ್ಲ ಮೇಡಂ' ಎಂದರು. ವಾರ್ಡಿನ ಸಿಸ್ಟರ್ ನಡುವೆ ಪರದೆ ಎಳೆದು ಹೋದರು. ಅಣ್ಣ 'ನೀನು ಅತಿ ಮಾಡ್ತೀಯ, ಅಪ್ಪ ಹೆದರಿಕೊಳ್ತಾರೆ' ಅಂತಾನೆ. ಅಪ್ಪ ಸುಮ್ನೆ ಕೂತಿರುತ್ತಾರೆ. ಜಗಳ ಆಡದೆ ಏನಾದರೂ ಮಾಡೋಕಾಗುತ್ತಾ?
– ಹೆಸರು ಬೇಡ ಎಂದವರು

ಉತ್ತರ: ನೀವು ಅತಿ ಮಾಡುತ್ತಿಲ್ಲ. ಅಣ್ಣನಿಗೂ ಇದನ್ನು ಓದಲು ಕೊಡಿ, ಅವರಿಗೂ ಒಂದು ಕೆಲಸ ಇಟ್ಟಿದ್ದೇನೆ.

ಅಪ್ಪನ ಮೈಯಲ್ಲಿ ಈಗ ಏನಾಗುತ್ತಿದೆ ನೋಡಿ. ರಿಟುಕ್ಸಿಮ್ಯಾಬ್ ರಕ್ತದ ಬಿ ಕಣಗಳನ್ನು ಅಳಿಸಿಹಾಕುತ್ತದೆ. ರೋಗದ ವಿರುದ್ಧ ಪ್ರತಿಕಾಯ ತಯಾರಾಗುವುದೇ ಈ ಬಿ ಕಣಗಳಿಂದ. ಕೊನೆಯ ಡೋಸ್ ಆದ ಮೇಲೂ ತಿಂಗಳುಗಟ್ಟಲೆ ಅವು ಮೊದಲಿನಂತೆ ಆಗುವುದಿಲ್ಲ. ಆ ಸಮಯದಲ್ಲಿ ಹಾಕಿಸಿದ ಲಸಿಕೆ ಸರಿಯಾಗಿ ಹಿಡಿಯದೆಯೂ ಹೋಗಬಹುದು. ಹಾಗಾಗಿ 'ಇಂಜೆಕ್ಷನ್ ಹಾಕಿಸಿದೀವಲ್ಲ' ಎಂಬ ಧೈರ್ಯ ಅಪ್ಪನ ವಿಷಯದಲ್ಲಿ ಸಾಲದು. ಇನ್ನು ಕೀಮೋ ಬಿಳಿ ರಕ್ತಕಣಗಳನ್ನು ಇಳಿಸುತ್ತದೆ. ಕೌಂಟ್ ತೀರಾ ಕೆಳಗೆ ಹೋಗುವುದು ಕೀಮೋ ಕೊಟ್ಟ ದಿನ ಅಲ್ಲ, ಅದಾಗಿ ಸಾಮಾನ್ಯವಾಗಿ ಒಂದರಿಂದ ಎರಡು ವಾರದೊಳಗೆ. ಡೇ ಕೇರ್‌ನಲ್ಲಿ ಫ್ಲೂ ಅಂಟಿತು ಅನ್ನಿ. ಅದು 1ರಿಂದ 4 ದಿನದಲ್ಲಿ ತಲೆ ಎತ್ತುತ್ತದೆ. ಅಪ್ಪ ಅದರ ಜೊತೆ ಗುದ್ದಾಡುತ್ತಿರುವಾಗಲೇ ಕೌಂಟ್ ಕುಸಿಯುತ್ತದೆ. ಕೀಮೋ ದಿನ ಅವರು ಗಟ್ಟಿಯಾಗಿ ಕೂತಿರುವುದನ್ನು ನೋಡಿ ಯಾರೂ ಮೋಸ ಹೋಗಬಾರದು.

ಪರದೆ ಇರುವುದು ಮಾನ ಮುಚ್ಚಲು, ಗಾಳಿ ತಡೆಯಲು ಅಲ್ಲ. ಕೆಮ್ಮಿದಾಗ, ಮಾತಾಡಿದಾಗ, ಬರೀ ಉಸಿರು ಬಿಟ್ಟಾಗಲೂ ಕಣಗಳು ಹೊರಗೆ ಬರುತ್ತವೆ. ದೊಡ್ಡ ಹನಿಗಳು ಬೇಗ ಕೆಳಗೆ ಬೀಳುತ್ತವೆ. ಸಣ್ಣವು ಒಣಗಿ ಹಗುರಾಗಿ ತೇಲುತ್ತಲೇ ಇರುತ್ತವೆ. ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ ಇದನ್ನು 1934ರಲ್ಲೇ ಬರೆದಿದ್ದರು. ಪಕ್ಕದಲ್ಲಿ ಕೂತವರು ಸಿಗರೇಟು ಸೇದುತ್ತಿದ್ದರೆ ಪರದೆ ಎಳೆದ ಮಾತ್ರಕ್ಕೆ ಹೊಗೆ ಬಾರದೆ ಇರುತ್ತದಾ? ಇದೂ ಹಾಗೇ. 1970ರಲ್ಲಿ ಜರ್ಮನಿಯ ಮೆಶೆಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಸಿಡುಬು ಬಂದವರೊಬ್ಬರನ್ನು ಬೇರೆ ಕೋಣೆಯಲ್ಲೇ ಇಟ್ಟಿದ್ದರು. ಅವರಿಗೆ ಕೆಮ್ಮು ಇತ್ತು. ಅವರ ಮುಖವನ್ನೇ ನೋಡದ, ಮೇಲಿನ ಮಹಡಿಗಳಲ್ಲಿದ್ದವರಿಗೂ ಸಿಡುಬು ಬಂತು. ಆಮೇಲೆ ಆ ಕೋಣೆಯಲ್ಲಿ ಹೊಗೆ ಹಾಕಿ ನೋಡಿದರೆ, ಅದು ಮೆಟ್ಟಿಲ ದಾರಿಯಲ್ಲೂ ಕಿಟಕಿಯ ಹೊರಗಿನಿಂದಲೂ ಮೇಲಿನ ಮಹಡಿಗೆ ಏರಿತು.

ಆ ವಾರ್ಡಿನ ಸಿಸ್ಟರ್ ಮೇಲೆ ಸಿಟ್ಟು ಬೇಡ. ನಮ್ಮ ಕಾಲದಲ್ಲಿ 'ಮೂರಡಿ ದೂರ ಇದ್ದರೆ ಸಾಕು' ಎಂದೇ ಕಲಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚಿನಲ್ಲಿ ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲ ಎಂದಿತ್ತು. 2021ರಲ್ಲಿ ಆ ಮಾತು ಬದಲಿಸಿತು. ಸಂಸ್ಥೆಗಳ ಮಾತು ಬದಲಾದಷ್ಟು ಬೇಗ ವಾರ್ಡಿನ ಅಭ್ಯಾಸ ಬದಲಾಗುವುದಿಲ್ಲ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರೋಣ. ಹೆಚ್ಚಿನ ಮನೆಯವರು ಮೊದಲು ಜನರ ಹತ್ತಿರ ಹೋಗುತ್ತಾರೆ. 'ನೀವು ಮಾಸ್ಕ್ ಹಾಕಿ' ಅನ್ನುತ್ತಾರೆ. ಅವರು ಇಲ್ಲ ಅನ್ನುತ್ತಾರೆ, ಅಲ್ಲಿಗೆ ಮುಖ ಊದಿಸಿಕೊಂಡು ಕೂರುವುದು ಅಷ್ಟೇ. ನನ್ನ ಲೆಕ್ಕ ಉಲ್ಟಾ. ಮೊದಲು ಅಪ್ಪನ ಮೂಗು, ಆಮೇಲೆ ಕುರ್ಚಿ, ಕೊನೆಗೆ ಜನ. ನಿಮ್ಮ ಕೈಯಲ್ಲಿ ಜಾಸ್ತಿ ಇರುವುದು ಮೊದಲನೆಯದು.

ಅಪ್ಪ ಹಾಕುತ್ತಿರುವುದು ನೀಲಿ ಬಣ್ಣದ ಸರ್ಜಿಕಲ್ ಮಾಸ್ಕ್ ಇರಬಹುದು. ಅದು ಅವರ ಬಾಯಿಂದ ಹೊರಡುವುದನ್ನು ಒಂದಷ್ಟು ತಡೆಯುತ್ತದೆ, ಆದರೆ ಕೆನ್ನೆಯ ಪಕ್ಕದ ಸಂದಿನಿಂದ ಒಳಗೆ ಬರುವ ಗಾಳಿಯನ್ನು ತಡೆಯುವುದಿಲ್ಲ. ಅವರಿಗೆ ಬೇಕಾದ್ದು ಎನ್95, ಇಲ್ಲವೇ ಯುರೋಪಿನ ಅಳತೆಯ ಎಫ್ಎಫ್‌ಪಿ2. ಎನ್95 ಅಂದರೆ ಸೋಸಲು ತೀರಾ ಕಷ್ಟವಾದ 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಕನಿಷ್ಠ ಶೇ 95ರಷ್ಟನ್ನು ಹಿಡಿಯುವಂಥದ್ದು. ಅದು ಜರಡಿಯಂತೆ ತೂತಿನ ಲೆಕ್ಕದಲ್ಲಷ್ಟೇ ಕೆಲಸ ಮಾಡುವುದಿಲ್ಲ. ಅದರ ಒಳಪದರಕ್ಕೆ ವಿದ್ಯುತ್ ಆವೇಶ ಕೊಟ್ಟಿರುತ್ತಾರೆ, ಕಣಗಳು ಬಂದು ಅಂಟಿಕೊಳ್ಳುತ್ತವೆ. ಹಾಗಾಗಿ ಅದನ್ನು ಸೋಪು ನೀರಿನಲ್ಲಿ ಒಗೆಯಬಾರದು, ಸ್ಯಾನಿಟೈಜರ್ ಸಿಂಪಡಿಸಬಾರದು. ಆವೇಶ ಹೋದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ಮುಖಕ್ಕೆ ಕೂರದಿದ್ದರೆ ಎನ್95 ಆಗಲಿ ಮತ್ತೊಂದಾಗಲಿ ದಂಡ. ತಲೆಯ ಹಿಂದೆ ಹೋಗುವ ಎರಡು ಪಟ್ಟಿ ಇರುವುದು ಕಿವಿಗೆ ಸಿಕ್ಕಿಸುವುದಕ್ಕಿಂತ ಸಾಮಾನ್ಯವಾಗಿ ಬಿಗಿಯಾಗಿ ಕೂರುತ್ತದೆ. ಹಾಕಿ, ಮೂಗಿನ ಮೇಲಿನ ತಂತಿ ಎರಡೂ ಕೈಯಿಂದ ಒತ್ತಿ, ಜೋರಾಗಿ ಉಸಿರು ಬಿಡಲು ಹೇಳಿ. ಕಣ್ಣಿಗೆ ಗಾಳಿ ತಗುಲಿದರೆ, ಕನ್ನಡಕ ಮಂಜಾದರೆ ಸರಿ ಕೂತಿಲ್ಲ. ಒಳಗೆಳೆದಾಗ ಮಾಸ್ಕ್ ಸ್ವಲ್ಪ ಮುಖಕ್ಕೆ ಅಂಟಬೇಕು. ಗಡ್ಡ ಇದ್ದರೆ ತೆಗೆಸಿ. ಮೂರು ದಿನದ ಗಡ್ಡವೂ ಸಂದು ಬಿಡುತ್ತದೆ. ಒಬ್ಬರ ಮುಖಕ್ಕೆ ಕೂತ ಆಕಾರ ಇನ್ನೊಬ್ಬರಿಗೆ ಕೂರುವುದಿಲ್ಲ, ಎರಡು ಮೂರು ಬಗೆ ತಂದು ನೋಡಿ. ಕೀಮೋ ದಿನವೇ ಮೊದಲ ಸಲ ಹಾಕಿಸಬೇಡಿ. ಮನೆಯಲ್ಲಿ ಟಿವಿ ನೋಡುವಾಗ ಒಂದು ಗಂಟೆ ಹಾಕಿ ಕೂರಲಿ. ಉಸಿರು ಕಟ್ಟುತ್ತದೆ, ತಲೆ ಸುತ್ತುತ್ತದೆ ಎಂದರೆ ಡಾಕ್ಟರರಿಗೆ ಹೇಳಿ, ಬಲವಂತ ಬೇಡ.

ಎರಡನೆಯದು ಕುರ್ಚಿ. ಹಿಂದಿನ ದಿನವೇ ವಾರ್ಡಿಗೆ ಫೋನ್ ಮಾಡಿ ಬೆಳಗಿನ ಮೊದಲ ಸರದಿ ಕೇಳಿ. ರಾತ್ರಿ ಖಾಲಿ ಇದ್ದ ಕೋಣೆಯಲ್ಲಿ ಇನ್ನೊಬ್ಬರ ಉಸಿರು ಉಳಿದಿರುವುದಿಲ್ಲ. ಈ ಲೆಕ್ಕ ಡಾಕ್ಟರ್ ಕೋಣೆಗೂ ಸೇರುತ್ತದೆ. ಗಂಟೆಗೆ 6 ಸಲ ಗಾಳಿ ಬದಲಾಗುವ ಕೋಣೆಯಲ್ಲಿ, ಕೆಮ್ಮಿದವರು ಎದ್ದು ಹೋದ ಮೇಲೆ ತೇಲುವ ಕಣಗಳಲ್ಲಿ ಶೇ 99 ಹೋಗಲು 46 ನಿಮಿಷ ಬೇಕು. 12 ಸಲ ಬದಲಾದರೆ 23 ನಿಮಿಷ. ನಮ್ಮ ಸರದಿಗೂ ಹಿಂದಿನವರ ಸರದಿಗೂ ಅಷ್ಟು ಬಿಡುವು ಎಲ್ಲಿರುತ್ತದೆ? ಅದಕ್ಕೇ ಮೊದಲ ಸರದಿ. ಸಾಲಿನ ತುದಿಯ ಕುರ್ಚಿ ಸಿಕ್ಕರೆ ಒಂದು ಕಡೆ ಮಾತ್ರ ಪಕ್ಕದವರು. ತೆರೆಯುವ ಕಿಟಕಿ ಇದ್ದರೆ ಅದರ ಹತ್ತಿರ. ಕಿಟಕಿಯನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಪೆರು ದೇಶದ ಲೀಮಾದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಕಿಟಕಿ ಬಾಗಿಲು ತೆರೆದಾಗ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಗುತ್ತಿತ್ತು. ಯಂತ್ರ ಕೂರಿಸಿದ ಪ್ರತ್ಯೇಕ ಕೋಣೆಗಳ ಗುರಿ 12. ಎತ್ತರದ ಛಾವಣಿ, ದೊಡ್ಡ ಕಿಟಕಿ ಇದ್ದ ಹಳೆಯ ಕಟ್ಟಡಗಳೇ ಹೊಸವಕ್ಕಿಂತ ಮುಂದಿದ್ದವು. ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ ಮಾತ್ರ ಕೋಣೆಯ ಅದೇ ಗಾಳಿಯನ್ನು ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ತಂಪು ಅಂದರೆ ತಾಜಾ ಅಲ್ಲ.

ಕಾಯುವ ಜಾಗವನ್ನು ಆದಷ್ಟು ತಪ್ಪಿಸಿ. ರಕ್ತ ಪರೀಕ್ಷೆ ಹಿಂದಿನ ದಿನ ಮುಗಿಸಲು ಆಗುತ್ತದಾ ಕೇಳಿ. ಹೊರಗೆ ಬಯಲಲ್ಲಿ ಕೂತು, 'ಸರದಿ ಬಂದಾಗ ಫೋನ್ ಮಾಡಿ' ಎಂದು ನಂಬರ್ ಕೊಟ್ಟು ಬನ್ನಿ. ಹತ್ತರಲ್ಲಿ ಏಳೆಂಟು ಕಡೆ ಒಪ್ಪುತ್ತಾರೆ, ಅವರಿಗೂ ಕೌಂಟರ್ ಮುಂದೆ ಗುಂಪು ಕಡಿಮೆ ಆಗುತ್ತದೆ. ಡ್ರಿಪ್ ಹೊತ್ತಿನಲ್ಲಿ ನೀರು ಕುಡಿಯುವುದಿದ್ದರೆ ಸುತ್ತ ಯಾರೂ ಕೆಮ್ಮದ ಹೊತ್ತು ನೋಡಿ, ಮಾಸ್ಕ್ ತೆಗೆದು ಎರಡು ಗುಟುಕು, ಮತ್ತೆ ಹಾಕಲಿ. ಗಂಟಲಿಗೆ ಇಳಿಸಿಕೊಂಡು ಕೂತಿರುವುದು ಬೇಡ.

ಕೊನೆಗೆ ಜನ. 'ನಿಮಗೆ ಕೆಮ್ಮು ಇದೆ' ಅಂತ ಶುರು ಮಾಡಿದರೆ ಯಾರಿಗಾದರೂ ಚುಚ್ಚುತ್ತದೆ. 'ನಮ್ಮಪ್ಪನಿಗೆ ಕೌಂಟ್ ಕಡಿಮೆ ಇದೆ, ಇದೊಂದು ಹಾಕ್ಕೊಳ್ತೀರಾ, ದೊಡ್ಡ ಉಪಕಾರ ಆಗುತ್ತೆ' ಎಂದು ಹೊಸ ಮಾಸ್ಕ್ ಒಂದನ್ನು ಕೈಗೆ ಕೊಡಿ. ಕೊಡುವಾಗ ಪ್ಯಾಕೆಟ್ ಒಡೆದಿರಬಾರದು. ಕೆಮ್ಮುವವರು ಹಾಕಿದರೆ ಮೂಲದಲ್ಲೇ ತಡೆದಂತೆ. ಒಪ್ಪದಿದ್ದರೆ ವಾದ ಬೇಡ, ಕುರ್ಚಿ ಬದಲಿಸಿ ಎಂದು ಸಿಸ್ಟರ್‌ಗೆ ಹೇಳಿ. ಸಿಬ್ಬಂದಿಯ ವಿಷಯದಲ್ಲಿ ಒಳಗಿನ ಗುಟ್ಟೊಂದು ಹೇಳುತ್ತೇನೆ. ಮನೆಯವರು ಬಾಯಲ್ಲಿ ಹೇಳಿದ್ದು ಶಿಫ್ಟ್ ಬದಲಾದಾಗ ಮರೆತುಹೋಗುತ್ತದೆ. ಕೇಸ್ ಶೀಟಿನಲ್ಲಿ ಬರೆದದ್ದು ಮರೆಯುವುದಿಲ್ಲ. 'ರೋಗನಿರೋಧಕ ಶಕ್ತಿ ಕಡಿಮೆ, ಹತ್ತಿರ ಹೋಗುವವರು ಮಾಸ್ಕ್ ಹಾಕಬೇಕು, ಕೆಮ್ಮುವವರ ಪಕ್ಕ ಕೂರಿಸಬಾರದು' ಎಂದು ಡಾಕ್ಟರರಿಂದ ಒಂದು ಸಾಲು ಬರೆಸಿ. ಆಮೇಲೆ ನೀವು ಕೇಳುತ್ತಿರುವುದು ಉಪಕಾರವಲ್ಲ, ಡಾಕ್ಟರ್ ಆರ್ಡರ್. ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣದ ಸಿಸ್ಟರ್ ಅಂತಲೇ ಒಬ್ಬರು ಇರುತ್ತಾರೆ. ಅವರನ್ನು ಹುಡುಕಿಕೊಂಡು ಬರುವ ಮನೆಯವರು ಬಹಳ ಕಡಿಮೆ. ಬಂದರೆ ಖುಷಿಯಾಗುತ್ತದೆ, ನನ್ನ ಮಾತು ನಂಬಿ.

ಪತ್ರದಲ್ಲಿ ನೀವು ಬರೆಯದ ಒಬ್ಬರಿದ್ದಾರೆ. ನೀವೇ. ಪಕ್ಕದ ಕುರ್ಚಿಯವರು ಅಪ್ಪನ ಜೊತೆ ಕೆಲವು ಗಂಟೆ ಇರುತ್ತಾರೆ. ನೀವು ಮನೆಯಲ್ಲೂ, ಕಾರಲ್ಲೂ, ವಾರ್ಡಲ್ಲೂ ಇರುತ್ತೀರಿ. ನಿಮಗೆ ಬಂದದ್ದು ಅಪ್ಪನಿಗೆ ಬಂದೇ ಬರುತ್ತದೆ ಅನ್ನುವಷ್ಟು ಹತ್ತಿರ. ಹಾಗಾಗಿ ಆಸ್ಪತ್ರೆಯಲ್ಲಿ ನಿಮ್ಮ ಮುಖದ ಮೇಲೂ ಅದೇ ಎನ್95 ಇರಲಿ. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಅಪ್ಪನಿಗೆ ಹಿಡಿಯದ ಲಸಿಕೆ ನಿಮಗೆ ಹಿಡಿಯುತ್ತದೆ. ನಿಮಗೆ ಗಂಟಲು ಕೆರೆತ ಶುರುವಾದ ದಿನ ಅಪ್ಪನ ಜೊತೆ ಹೋಗಬೇಡಿ. ಅಣ್ಣ ಹೋಗಲಿ. ಅವರ ಕೆಲಸ ಇದೇ.

ಇಷ್ಟೆಲ್ಲ ಮಾಡಿಯೂ ಜ್ವರ ಬರಬಹುದು. ಒಂದೇ ಸಲ 38.3 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ, ಅಥವಾ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್, ಒಂದು ಗಂಟೆ ನಿಂತರೆ, ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಕೌಂಟ್ ಇಲ್ಲದಾಗ ಬರುವ ಜ್ವರಕ್ಕೆ ಗಂಟೆಯ ಲೆಕ್ಕದಲ್ಲಿ ಔಷಧ ಬೀಳಬೇಕು. ಫ್ಲೂ ಮಾತ್ರೆ 48 ಗಂಟೆಯೊಳಗೆ, ಕೋವಿಡ್ ಮಾತ್ರೆ ಲಕ್ಷಣ ಕಂಡ 5 ದಿನದೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. 'ಅಂಥದ್ದೇನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು?' ಎಂದು ಅಪ್ಪ ಆರಾಮಾಗಿರುವ ದಿನವೇ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಶ್ವಾಸಕೋಶದ ಫೈಬ್ರೋಸಿಸ್. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಯೇ ಓಡಾಡುತ್ತಾರೆ. ಮುಂದಿನ ವಾರ ಎಂಆರ್‌ಐ, ಆಮೇಲೆ ಎಂಡೋಸ್ಕೋಪಿ. ಮಾಸ್ಕ್ ಹಾಕೋದು ಹೇಗೆ?
– ಒಬ್ಬ ಗೃಹಿಣಿ

ಉತ್ತರ: ನಳಿಗೆಯ ಮೇಲೆಯೇ ಮಾಸ್ಕ್ ಹಾಕಬಹುದು. ನಳಿಗೆ ಕೆನ್ನೆಗೆ ಚಪ್ಪಟೆಯಾಗಿ ಅಂಟಿರಲಿ, ತಿರುಚಿರಬಾರದು. ಆ ಜಾಗದಲ್ಲಿ ಸ್ವಲ್ಪ ಗಾಳಿ ನುಸುಳುತ್ತದೆ, ಆದರೂ ಇಲ್ಲದೆ ಇರುವುದಕ್ಕಿಂತ ಎಷ್ಟೋ ಮೇಲು. ಮೊದಲ ಸಲ ಹಾಕಿದಾಗ ಬೆರಳಿಗೆ ಆಕ್ಸಿಮೀಟರ್ ಇಟ್ಟು ನೋಡಿ. ಡಾಕ್ಟರ್ ಹೇಳಿದ ಮಟ್ಟಕ್ಕಿಂತ ಇಳಿದರೆ ತೆಗೆಯಿರಿ.

ಎಂಆರ್‌ಐಗೆ ಮಾತ್ರ ಎಚ್ಚರ. ಮಾಸ್ಕಿನ ಮೂಗಿನ ತಂತಿ, ಪಟ್ಟಿಯ ಪಿನ್ನು ಲೋಹದ್ದಾದರೆ ಯಂತ್ರದೊಳಗೆ ಬಿಸಿಯಾಗುತ್ತವೆ. ಒಬ್ಬರ ಮುಖ ಸುಟ್ಟ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಡಿಸೆಂಬರಿನಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬೆಳ್ಳಿ, ತಾಮ್ರದ ಲೇಪ ಇರುವ ಬಟ್ಟೆಯೂ ಆಗದು. ಲೋಹವಿಲ್ಲದ ಮಾಸ್ಕ್ ಇದೆಯಾ ಎಂದು ಮೊದಲೇ ಟೆಕ್ನಿಷಿಯನ್‌ಗೆ ಫೋನ್ ಮಾಡಿ. ಅದು ಸಿಗುವ ಕಡೆ ಅದನ್ನೇ ಹಾಕಿ ಒಳಗೆ ಕಳಿಸಿ, ಹೊರಬಂದ ಕೂಡಲೇ ನಿಮ್ಮ ಎನ್95. ಹೊರಗಿನ ಬಾಗಿಲಲ್ಲಿ ನೀವು ಅದನ್ನು ಹಿಡಿದು ನಿಂತಿರಿ.

ಎಂಡೋಸ್ಕೋಪಿಯಲ್ಲಿ ಬಾಯಿ ತೆರೆಯಲೇಬೇಕು, ಅಲ್ಲಿ ಯಜಮಾನರ ಮಾಸ್ಕ್ ಕೆಲಸಕ್ಕೆ ಬಾರದು. ಹಲ್ಲಿನ ಚಿಕಿತ್ಸೆಯೂ ಇದೇ ಥರ. ಬೆಳಗಿನ ಮೊದಲ ಸರದಿ ಕೇಳಿ, ಕೋಣೆಯಲ್ಲಿರುವವರೆಲ್ಲ ಎನ್95 ಹಾಕಬಹುದಾ ಎಂದು ಕೇಳಿ. ಮಂಪರು ಬರಿಸುವುದಿದ್ದರೆ, ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಮಾಸ್ಕ್ ಇಟ್ಟು ಮೇಲೆ ಹೆಸರು ಬರೆದು ರಿಕವರಿ ಸಿಸ್ಟರ್ ಕೈಗೆ ಕೊಡಿ. ಎಚ್ಚರ ಬಂದು, ಉಸಿರು ಸರಿಯಾಗಿದೆ ಅನ್ನಿಸಿದ ಮೇಲೆ ಹಾಕಲಿ, ಅದಕ್ಕೆ ಮೊದಲು ಬೇಡ. ಅರೆಮಂಪರಿನಲ್ಲಿ ವಾಂತಿ ಬಂದರೆ ಮಾಸ್ಕೇ ಅಪಾಯ.

ಪ್ರಶ್ನೆ: ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿ ಸಲ ಹೊಸ ಎನ್95 ತೆಗೆಯಬೇಕಾ?

ಉತ್ತರ: ಬೇಡ. ಬಳಸಿದ್ದನ್ನು ಕಾಗದದ ಚೀಲದಲ್ಲಿಟ್ಟು ಒಣಗಲು ಬಿಡಿ, ಮೂರು ನಾಲ್ಕು ಮಾಸ್ಕ್ ಸರದಿಯಲ್ಲಿ ಬಳಸಿ. ಪಟ್ಟಿ ಸಡಿಲವಾದರೆ, ಒದ್ದೆ ಆದರೆ, ಮುಖಕ್ಕೆ ಕೂರುವುದು ನಿಂತರೆ ಎಸೆಯಿರಿ.

ಪ್ರಶ್ನೆ: ತಮ್ಮನಿಗೆ ಅಸ್ಥಿಮಜ್ಜೆ ಕಸಿ ಆಗಿ ಮನೆಗೆ ಬಂದಿದ್ದಾನೆ. ಅವನ ಕೋಣೆಗೆ ಏರ್ ಪ್ಯೂರಿಫೈಯರ್ ತರೋಣ ಅಂತಿದ್ದೀವಿ. ಯಾವುದು? ಮತ್ತೆ ಅಡ್ಮಿಟ್ ಆದರೆ ಆಸ್ಪತ್ರೆಗೂ ಒಯ್ಯಬಹುದಾ?

ಉತ್ತರ: ಹೆಪಾ ಫಿಲ್ಟರ್ ಇರುವುದು ತನ್ನಿ. 0.3 ಮೈಕ್ರಾನ್ ಕಣಗಳಲ್ಲಿ ಶೇ 99.97 ಹಿಡಿಯುವುದು ಅದರ ಅಳತೆಗೋಲು. ಓಝೋನ್ ಬಿಡುವ ಯಂತ್ರ ಬೇಡವೇ ಬೇಡ, ಅವನ ಶ್ವಾಸಕೋಶಕ್ಕೆ ಅದೇ ತೊಂದರೆ. ಡಬ್ಬಿಯ ಮೇಲಿನ ಚಿತ್ರ ನೋಡಬೇಡಿ, ಸಿಎಡಿಆರ್ ಎಂಬ ಅಂಕಿ ನೋಡಿ, ಯಂತ್ರ ಎಷ್ಟು ಸೋಸಿದ ಗಾಳಿ ಕೊಡುತ್ತದೆ ಅನ್ನುವುದರ ಲೆಕ್ಕ ಅದು. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಅನ್ನಿ, 1,200 ಘನ ಅಡಿ. ಗಂಟೆಗೆ 6 ಸಲ ಸೋಸಬೇಕಾದರೆ ನಿಮಿಷಕ್ಕೆ 120 ಘನ ಅಡಿ. ಗಂಟೆಗೆ ಘನ ಮೀಟರಿನಲ್ಲಿ ಬರೆದಿದ್ದರೆ ಸುಮಾರು 204. ಈ ಅಂಕಿ ಯಂತ್ರ ಅತಿ ಜೋರಾಗಿ ಓಡುವಾಗಿನದು. ರಾತ್ರಿ ಸದ್ದಾಗುತ್ತದೆ ಅಂತ ಎಲ್ಲರೂ ಕಡಿಮೆಗೆ ಇಡುತ್ತಾರೆ, ಅಲ್ವಾ? ಅದಕ್ಕೇ ಲೆಕ್ಕಕ್ಕಿಂತ ಒಂದು ಅಳತೆ ದೊಡ್ಡದು ತನ್ನಿ.

ಕಸಿ ಆದವರಿಗೆ ಜನರ ಉಸಿರಷ್ಟೇ ಅಲ್ಲ, ಧೂಳೂ ಶತ್ರು. ಗೋಡೆ ಒಡೆಯುವಾಗ, ಮಣ್ಣು ಅಗೆಯುವಾಗ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣ ಗಾಳಿಗೆ ಏಳುತ್ತವೆ. ನಮಗೆ ಏನೂ ಆಗುವುದಿಲ್ಲ, ಕೌಂಟ್ ಇಲ್ಲದವರ ಶ್ವಾಸಕೋಶದಲ್ಲಿ ಅದು ಬೇರು ಬಿಡುತ್ತದೆ. ಕಸಿ ವಾರ್ಡಿನಲ್ಲಿ ಸೋಸಿದ ಗಾಳಿಯನ್ನು ಒತ್ತಿ ತುಂಬಿ, ಬಾಗಿಲು ತೆರೆದರೆ ಗಾಳಿ ಹೊರಗೆ ಹೋಗುವಂತೆ ಮಾಡಿರುವುದು ಇದಕ್ಕೇ. ಟಿಬಿ ರೋಗಿಯ ಕೋಣೆಯಲ್ಲಿ ಉಲ್ಟಾ, ಗಾಳಿ ಒಳಕ್ಕೇ ಹೋಗಬೇಕು. ಆಸ್ಪತ್ರೆಯಲ್ಲಿ ರಿಪೇರಿ ನಡೆಯುತ್ತಿದ್ದರೆ ಯಾವ ದಾರಿಯಲ್ಲಿ ಕರೆದೊಯ್ಯಬೇಕು ಎಂದು ಕೇಳಿ.

ಪ್ಯೂರಿಫೈಯರ್ ಒಯ್ಯುವ ಮಾತು: ಸಾಮಾನ್ಯ ವಾರ್ಡ್ ಅಥವಾ ಸ್ಪೆಷಲ್ ರೂಮ್ ಆದರೆ ಅನುಮತಿ ಕೇಳಿ ಒಯ್ಯಬಹುದು. ಪ್ಲಗ್‌ಗಾಗಿ ಬೇರೆ ಯಂತ್ರದ ವೈರು ಕೀಳಬಾರದು, ವೈರು ಕಾಲಿಗೆ ಸಿಗಬಾರದು. ಕಸಿ ವಾರ್ಡಿಗೆ ಬೇಡ. ಅಲ್ಲಿ ಗಾಳಿ ಓಡುವ ದಿಕ್ಕನ್ನೇ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಇಂಗಾಲದ ಡೈಆಕ್ಸೈಡ್ ಮೀಟರ್ ಬಗ್ಗೆಯೂ ಕೆಲವರು ಕೇಳಿದ್ದಾರೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420; ನಾವು ಬಿಡುವ ಉಸಿರು ಸುಮಾರು 40,000. ಕೋಣೆಯಲ್ಲಿ 800ರ ಕೆಳಗಿದ್ದರೆ ಹೊರಗಿನ ಗಾಳಿ ಚೆನ್ನಾಗಿ ಬರುತ್ತಿದೆ ಅನ್ನಬಹುದು, 1,500 ದಾಟಿದರೆ ಬೇರೆಯವರ ಉಸಿರನ್ನೇ ಎಳೆದುಕೊಳ್ಳುತ್ತಿದ್ದೀರಿ. ಪ್ಯೂರಿಫೈಯರ್ ಆ ಅಂಕಿಯನ್ನು ಇಳಿಸುವುದಿಲ್ಲ, ಕಣಗಳನ್ನು ಮಾತ್ರ ಹಿಡಿಯುತ್ತದೆ.

ಪ್ರಶ್ನೆ: ಹೆಂಡತಿಗೆ ಕೀಮೋ ನಡೀತಿದೆ. ನಿನ್ನೆ ಮನೆಗೆ ಬಂದಿದ್ದ ನೆಂಟರ ಮಗುವಿಗೆ ಇವತ್ತು ದಡಾರ ಅಂತ ಗೊತ್ತಾಯಿತು. ಮಗು ಅವಳ ಕೋಣೆಗೆ ಹೋಗಿಯೇ ಇಲ್ಲ, ಹಾಲ್‌ನಲ್ಲಿತ್ತು. ಮಗು ಹೋದ ಮೇಲೆ ಅವಳು ಹಾಲ್‌ಗೆ ಬಂದಳು. ಭಯ ಪಡಬೇಕಾ?

ಉತ್ತರ: ಇವರಿಗೆ ಫೋನಿನಲ್ಲೇ ಉತ್ತರ ಹೇಳಿಯಾಗಿದೆ, ಪತ್ರಿಕೆ ಬರುವವರೆಗೆ ಕಾಯುವ ವಿಷಯವಲ್ಲ. ಮಿಕ್ಕವರಿಗಾಗಿ ಇಲ್ಲಿ ಹಾಕುತ್ತಿದ್ದೇನೆ. ದಡಾರದ ವೈರಸ್, ಬಂದವರು ಎದ್ದು ಹೋದ ಮೇಲೂ 2 ಗಂಟೆವರೆಗೆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಮೈಮೇಲೆ ದದ್ದು ಏಳುವುದಕ್ಕೆ 4 ದಿನ ಮೊದಲೇ ಹರಡಲು ಶುರು. ಹಾಗಾಗಿ 'ಎದುರು ಸಿಕ್ಕಿಲ್ಲ' ಎಂಬುದು ಲೆಕ್ಕಕ್ಕಿಲ್ಲ. ಅದೇ ದಿನ ಕ್ಯಾನ್ಸರ್ ಡಾಕ್ಟರರಿಗೆ ಫೋನ್ ಮಾಡಬೇಕು. ಇಂಥವರಿಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯ ಕೊಡಬಹುದು, ಆದರೆ 6 ದಿನದೊಳಗೆ. ದಡಾರದ ಲಸಿಕೆ ಜೀವಂತ ವೈರಸ್‌ನದು, ಕೀಮೋ ನಡೆಯುವಾಗ ಅದನ್ನು ಕೊಡುವಂತಿಲ್ಲ. ಚಿಕನ್‌ಪಾಕ್ಸ್ ಎದುರಾದರೂ ಹೀಗೇ ತಕ್ಷಣ ಫೋನ್, ಅದಕ್ಕೆ ಬೇರೆ ಇಂಜೆಕ್ಷನ್ ಇದೆ.

ಫೋನ್ ಮಾಡುವಾಗ ಮಗು ಬಂದ ದಿನ ಮತ್ತು ಹೊತ್ತು, ಹೆಂಡತಿಯ ಕೊನೆಯ ಕೀಮೋ ದಿನ, ಚಿಕ್ಕಂದಿನಲ್ಲಿ ದಡಾರ ಬಂದಿತ್ತಾ ಅಥವಾ ಲಸಿಕೆ ಆಗಿತ್ತಾ ಎಂಬುದನ್ನು ಹೇಳಿ. ಹೇಳದೆ ನೇರವಾಗಿ ವಾರ್ಡಿಗೆ ಕರೆದುಕೊಂಡು ಹೋಗಬೇಡಿ. ಎದುರಾದ 5ನೇ ದಿನದಿಂದ 21ನೇ ದಿನದವರೆಗೆ ಅವರಿಂದಲೇ ಬೇರೆಯವರಿಗೆ ಹರಡುವ ಸಾಧ್ಯತೆ ಇರುತ್ತದೆ. ಮೊದಲೇ ಗೊತ್ತಿದ್ದರೆ ಆಸ್ಪತ್ರೆಯವರು ಬೇರೆ ಬಾಗಿಲಿನಿಂದ, ಬೇರೆ ಕೋಣೆಗೆ ಕರೆಸಿಕೊಳ್ಳುತ್ತಾರೆ.